ರಸಾಯನಶಾಸ್ತ್ರಕ್ಕೆ ಯಾವ ಪುಸ್ತಕ? ಬಿದರಿ ತಟ್ಟೆ ಮುಂದಿಟ್ಟುಕೊಂಡು ಒಂದು ಹೋಲಿಕೆ

ಜೂನ್ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಪುಸ್ತಕದಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಪ್ಪನ ಕೈಯಲ್ಲಿ ಕಾಲೇಜಿನವರು ಕೊಟ್ಟ ಚೀಟಿ, ಪಕ್ಕದಲ್ಲಿ ಮಗಳು. "ಕೆಮಿಸ್ಟ್ರಿಗೆ ಯಾವ್ ಬುಕ್ ಛಲೋ ಅದರೀ?" ಎಂದು ಕೇಳುತ್ತಾರೆ. ಅಂಗಡಿಯವರು ಎರಡು ದಪ್ಪ ಪುಸ್ತಕ ಮುಂದಿಡುತ್ತಾರೆ. ದುಡ್ಡು ಕೊಟ್ಟು ತಗೊಂಡು ಹೋಗುತ್ತಾರೆ. ದೀಪಾವಳಿಗೆ ಆ ಪುಸ್ತಕ ತೆಗೆದು ನೋಡಿ. ಮೊದಲ ಮೂವತ್ತು ಪುಟದ ಅಂಚು ಮಾತ್ರ ಮಾಸಿರುತ್ತದೆ. ಉಳಿದದ್ದು ಹೊಸದರಂತೆಯೇ ಇರುತ್ತದೆ.

ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ತರಗತಿವರೆಗೆ ಬೀದರ್ ಜಿಲ್ಲೆಯ ಹಳ್ಳಿಯಲ್ಲಿ ಕನ್ನಡದಲ್ಲೇ ಓದಿದವನು. ಈ ಪುಸ್ತಕದ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮಗುವಿನ ಓದು ಎಲ್ಲಿ ನಿಂತಿದೆ ಎಂದು ತಿಳಿಯದೆ ನಾನು ಒಂದು ಹೆಸರು ಹೇಳಿಬಿಟ್ಟರೆ ಅದು ಸರಿಯಾದ ಸಲಹೆ ಆಗುವುದಿಲ್ಲ. ಅದಕ್ಕೆ ನಾನು ಬೇರೆ ದಾರಿ ಹೇಳುತ್ತೇನೆ. ನಿಮಗೆ ಗೊತ್ತಿರುವ ಒಂದು ವಸ್ತುವಿನ ಬಗ್ಗೆ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಅದೇ ಪ್ರಶ್ನೆಯನ್ನು ಎಲ್ಲ ಪುಸ್ತಕಕ್ಕೂ ಕೇಳಿ. ಯಾವುದರ ಉತ್ತರ ನಿಮಗೆ ತಿಳಿಯುತ್ತದೋ, ತಿಳಿದ ಮೇಲೆ ಇನ್ನೊಂದು ಪ್ರಶ್ನೆ ಎಬ್ಬಿಸುತ್ತದೋ, ಈಗ ನಿಮಗೆ ಬೇಕಾದ ಪುಸ್ತಕ ಅದೇ.

ನಮ್ಮ ಕಡೆಯವರಿಗೆ ಆ ವಸ್ತು ಹುಡುಕಲು ದೂರ ಹೋಗಬೇಕಿಲ್ಲ. ಬಿದರಿ ಕೆಲಸ ಇದೆಯಲ್ಲ. ಎರಕದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದು, ಉಜ್ಜಿ ನಯ ಮಾಡಿದ ಮೇಲೆ ಕುಶಲಕರ್ಮಿಗಳು ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಬೆಳ್ಳಗಿದ್ದ ಲೋಹ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚಿತ್ತಾರ ಗೀಚಿದರೆ ಗೆರೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಉಳಿಯಿಂದ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿ ನೀರಿನ ಸ್ನಾನ. ಸತುವಿನ ಮೈ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ.

ಈಗ ಎರಡು ಪ್ರಶ್ನೆ. ಮೈಲುತುತ್ತ ಸವರಿದರೆ ಸತು ಏಕೆ ಕಪ್ಪಾಗುತ್ತದೆ? ಕೊನೆಯ ಸ್ನಾನದಲ್ಲಿ ಬೆಳ್ಳಿ ಏಕೆ ಕಪ್ಪಾಗುವುದಿಲ್ಲ? ಇವನ್ನು ಹಿಡಿದುಕೊಂಡು ಒಂದೊಂದೇ ಪುಸ್ತಕ ತೆಗೆಯೋಣ.

ಮೊದಲು ಹತ್ತನೇ ತರಗತಿಯ ವಿಜ್ಞಾನ

ಇದನ್ನು ಯಾರೂ ರಸಾಯನಶಾಸ್ತ್ರದ ಪುಸ್ತಕ ಎಂದು ಎಣಿಸುವುದಿಲ್ಲ. ಫಲಿತಾಂಶ ಬಂದ ವಾರವೇ ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಾರೆ. ದಯವಿಟ್ಟು ಕೊಡಬೇಡಿ. ಅದರ ಮೊದಲ ಪಾಠದಲ್ಲೇ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಪ್ರಯೋಗ ಇದೆ. ಮೊಳೆ ಕಂದು ಆಗುತ್ತದೆ, ನೀಲಿ ಬಣ್ಣ ತೆಳುವಾಗುತ್ತದೆ. ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಇದನ್ನೇ ಪುಸ್ತಕ ಸ್ಥಾನಪಲ್ಲಟ ಕ್ರಿಯೆ ಎನ್ನುತ್ತದೆ. ಸತುವೂ ಇದನ್ನೇ ಮಾಡುತ್ತದೆ ಎಂದು ಅಲ್ಲೇ ಸಮೀಕರಣ ಕೊಟ್ಟಿದೆ. ಲೋಹಗಳ ಪಾಠದಲ್ಲಿ ಕ್ರಿಯಾಶೀಲತೆಯ ಸರಣಿ ಇದೆ. ಸತು ಮೇಲೆ, ತಾಮ್ರ ಕೆಳಗೆ, ಬೆಳ್ಳಿ ಇನ್ನೂ ಕೆಳಗೆ. ನಮ್ಮ ಎರಡೂ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು, ಅದೂ ಕನ್ನಡದಲ್ಲಿ.

ಬಿದರಿ ವಸ್ತು ಮನೆಯಲ್ಲಿ ಇಲ್ಲದವರಿಗೆ ಶಹಾಬಾದ್ ಫರಸಿ ಇದ್ದೇ ಇರುತ್ತದೆ. ನಿಂಬೆರಸ ಬಿದ್ದ ಜಾಗದಲ್ಲಿ ಫರಸಿ ಏಕೆ ಮಂಕಾಗುತ್ತದೆ? ಅದು ಸುಣ್ಣದ ಕಲ್ಲು, ನಿಂಬೆರಸ ಆಮ್ಲ. ಆಮ್ಲ ಮತ್ತು ಕಾರ್ಬೊನೇಟ್ ಸೇರಿದರೆ ಏನಾಗುತ್ತದೆ ಎಂಬುದು ಅದೇ ಪುಸ್ತಕದ ಎರಡನೇ ಪಾಠ. ಅದೇ ಸುಣ್ಣದ ಕಲ್ಲನ್ನು ವಾಡಿ, ಸೇಡಂ ಕಡೆ ಗೂಡಿನಲ್ಲಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ಸುಟ್ಟಾಗ ಅದರಿಂದ ಯಾವ ಅನಿಲ ಹೋಗುತ್ತದೆ ಎಂದು ಕೇಳಿ ನೋಡಿ. ಹತ್ತನೇ ಪುಸ್ತಕ ಅದಕ್ಕೂ ಉತ್ತರ ಹೇಳುತ್ತದೆ.

ಹಾಗಾದರೆ ಅದೊಂದೇ ಸಾಕಾ? ಸಾಲದು. ಸತು ಏಕೆ ಮೇಲೆ, ಬೆಳ್ಳಿ ಏಕೆ ಕೆಳಗೆ ಎಂದು ಕೇಳಿದರೆ ಅದು ಪಟ್ಟಿ ತೋರಿಸಿ ಸುಮ್ಮನಾಗುತ್ತದೆ. ಅಲ್ಲಿಂದ ಮುಂದಕ್ಕೆ ಪಿಯು ಪುಸ್ತಕ ಬೇಕು. ಆದರೆ ಆ ಪುಸ್ತಕ ಇಂಗ್ಲಿಷಿನಲ್ಲಿದೆ.

ಭಾಷೆಯ ಹಳ್ಳ ದಾಟಲು

ಯಾದಗಿರಿಯ ಯಾವುದೋ ಸರ್ಕಾರಿ ಶಾಲೆಯಲ್ಲಿ ತೊಂಬತ್ತು ಅಂಕ ತೆಗೆದ ಹುಡುಗ ಪಿಯು ಮೊದಲ ತಿಂಗಳಲ್ಲಿ ಸುಮ್ಮನೆ ಕೂತುಬಿಡುತ್ತಾನೆ. ಅವನಿಗೆ ವಿಷಯ ಬರುವುದಿಲ್ಲ ಅಂತಲ್ಲ. ಉತ್ಕರ್ಷಣ ಅಂದರೆ ಚೆನ್ನಾಗಿ ಗೊತ್ತು, ಆಕ್ಸಿಡೇಶನ್ ಅಂದರೆ ಅದೇ ಎಂದು ಯಾರೂ ಹೇಳಿರುವುದಿಲ್ಲ. ಪ್ರತ್ಯಾಮ್ಲ ಗೊತ್ತು, ಬೇಸ್ ಗೊತ್ತಿಲ್ಲ. ಇಂಥ ಮಗುವಿಗೆ ದಪ್ಪ ಗೈಡ್ ಕೊಡಿಸುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ಎರಡು ದಾರಿ ಇದೆ. ನವಕರ್ನಾಟಕದವರ ವಿಜ್ಞಾನ ತಂತ್ರಜ್ಞಾನ ಪದಸಂಪದ ಒಂದು. ಪದ ಹುಡುಕಿದರೆ ಕನ್ನಡದಲ್ಲಿ ವಿವರಣೆ ಸಿಗುತ್ತದೆ. ಮನೆಯಲ್ಲಿ ಇದ್ದರೆ ವರ್ಷಗಟ್ಟಲೆ ಕೆಲಸಕ್ಕೆ ಬರುವ ಪುಸ್ತಕ ಅದು. ಇನ್ನೊಂದು ನೀವೇ ಮಾಡಿಕೊಳ್ಳುವ ನೋಟ್‌ಬುಕ್. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಹತ್ತನೇ ಪುಸ್ತಕದ ಕನ್ನಡ ಪದ, ಕೆಳಗೆ ಒಂದು ಸಾಲಿನ ಉದಾಹರಣೆ. ಎರಡರಲ್ಲಿ ಒಂದೇ ಆರಿಸು ಎಂದರೆ ನಾನು ನೋಟ್‌ಬುಕ್ ಆರಿಸುತ್ತೇನೆ. ಇನ್ನೂರು ಪದ ಬರೆಯುವ ಹೊತ್ತಿಗೆ ಇಂಗ್ಲಿಷ್ ಪುಟದ ಭಯ ಹೋಗಿರುತ್ತದೆ. ಹತ್ತನೇ ಪುಸ್ತಕ ಕೊಡಬೇಡಿ ಎಂದದ್ದು ಇದಕ್ಕೂ ಹೌದು.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಅದಕ್ಕೆ ಓದುವ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಓದುವುದು ಒಂದು ಭಾಷೆ, ಬರೆಯುವುದು ಇನ್ನೊಂದು ಆದರೆ ಪದಗಳ ಗೊಂದಲ ಜಾಸ್ತಿ. ಕನ್ನಡ ಪತ್ರಿಕೆ ಆರಿಸುವವರು ಈ ನೋಟ್‌ಬುಕ್ ಇಲ್ಲದೆ ಹೋಗಬಾರದು.

ಎನ್‌ಸಿಇಆರ್‌ಟಿ: ಹೊಸದೋ, ಹಳೆಯದೋ

ನಿಜವಾದ ಹೋಲಿಕೆ ಇಲ್ಲಿದೆ. ಇದರಲ್ಲಿ ಎಡವಿದರೆ ಅಂಕವೂ ಹೋಗುತ್ತದೆ.

ನಮ್ಮ ರಾಜ್ಯದ ಪಿಯು ವಿಜ್ಞಾನಕ್ಕೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯೇ ಆಧಾರ. ಹನ್ನೊಂದಕ್ಕೆ ಎರಡು ಭಾಗ, ಹನ್ನೆರಡಕ್ಕೆ ಎರಡು ಭಾಗ. ಹನ್ನೊಂದರ ಎರಡನೇ ಭಾಗ ತೆಗೆದು ರೆಡಾಕ್ಸ್ (ಇಲೆಕ್ಟ್ರಾನ್ ಕೊಡುವ, ಪಡೆಯುವ ಕ್ರಿಯೆ) ಪಾಠ ನೋಡಿ. ಸತುವಿನ ಪಟ್ಟಿಯನ್ನು ತಾಮ್ರದ ನೈಟ್ರೇಟ್ ದ್ರಾವಣದಲ್ಲಿ ಸುಮಾರು ಒಂದು ಗಂಟೆ ಇಡಿ ಎನ್ನುತ್ತದೆ. ಆಮೇಲೆ ತಾಮ್ರವನ್ನು ಬೆಳ್ಳಿಯ ನೈಟ್ರೇಟ್‌ನಲ್ಲಿ ಇಡಿ ಎನ್ನುತ್ತದೆ. ಇಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಸತು ಮುಂದು, ತಾಮ್ರ ಅದರ ಹಿಂದೆ, ಬೆಳ್ಳಿ ಎಲ್ಲರಿಗಿಂತ ಹಿಂದೆ. ಬಿದರಿಯ ಮೂರೂ ಲೋಹ ಒಂದೇ ಪುಟದಲ್ಲಿ! ಹನ್ನೆರಡರ ವಿದ್ಯುತ್ ರಸಾಯನ ಪಾಠಕ್ಕೆ ಬಂದರೆ ಅದಕ್ಕೆ ಅಂಕಿ ಸಿಗುತ್ತದೆ. ಸತುವಿಗೆ ಮೈನಸ್ 0.76 ವೋಲ್ಟ್, ತಾಮ್ರಕ್ಕೆ ಪ್ಲಸ್ 0.34, ಬೆಳ್ಳಿಗೆ ಪ್ಲಸ್ 0.80. ಅಂಕಿ ಕಡಿಮೆ ಇದ್ದಷ್ಟೂ ಲೋಹ ಸುಲಭವಾಗಿ ಇಲೆಕ್ಟ್ರಾನ್ ಬಿಡುತ್ತದೆ. ಕೋಟೆ ಮಣ್ಣಿನ ನೀರಿಗೆ ಸತು ಸೋತು ಬೆಳ್ಳಿ ಸೋಲದೆ ಇರುವುದಕ್ಕೆ ಕಾರಣ ಇದರಲ್ಲೇ ಇದೆ.

ಒಮ್ಮೆ ಬೀದರಿನ ಹುಡುಗಿಯೊಬ್ಬಳು ಈ ಪಾಠದ ಮಧ್ಯೆ ಎದ್ದು ನಿಂತಳು. "ಸರ್, ಪುಸ್ತಕದಾಗ ಸತುವಿನ ಮ್ಯಾಲೆ ಕೆಂಪು ತಾಮ್ರ ಕೂಡ್ತದ ಅಂತ ಅದ. ನಮ್ಮ ಮನ್ಯಾಗ ಸವರಿದ್ರ ಕರ್ರಗ ಆಗ್ತದಲ್ರೀ?" ಆ ಪಾಠದಲ್ಲಿ ಯಾರಾದರೂ ಕೇಳಬಹುದಾದ ಅತಿ ಒಳ್ಳೆಯ ಪ್ರಶ್ನೆ ಅದು. ತಾಮ್ರ ತುಂಬಾ ನುಣ್ಣಗೆ, ಪುಡಿಯಾಗಿ ಕೂತಾಗ ಬೆಳಕು ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಆಗ ಕಪ್ಪಾಗಿ ಕಾಣುತ್ತದೆ. ಪುಸ್ತಕ ಚೆನ್ನಾಗಿದ್ದರೆ ಮಗು ಹೀಗೆ ಎದ್ದು ನಿಲ್ಲುತ್ತದೆ. ಎನ್‌ಸಿಇಆರ್‌ಟಿಯನ್ನು ನಾನು ಮೊದಲ ಜಾಗದಲ್ಲಿ ಇಡುವುದು ಅದಕ್ಕೇ.

ಈಗ ಹಳೆಯದು, ಹೊಸದರ ಮಾತು. ಕೊರೊನಾ ನಂತರ ಪಠ್ಯ ಕಡಿಮೆ ಮಾಡಿದಾಗ ಕೆಲವು ಪಾಠಗಳನ್ನು ಪೂರ್ತಿ ತೆಗೆದರು. ಹನ್ನೊಂದರಲ್ಲಿ ಈಗ 9 ಪಾಠ, ಹನ್ನೆರಡರಲ್ಲಿ 10. ದ್ರವ್ಯದ ಸ್ಥಿತಿಗಳು, ಹೈಡ್ರೋಜನ್, ಎಸ್ ಬ್ಲಾಕ್, ಪಿ ಬ್ಲಾಕ್, ಘನಸ್ಥಿತಿ, ಮೇಲ್ಮೈ ರಸಾಯನ, ಲೋಹ ತೆಗೆಯುವ ವಿಧಾನ, ಪಾಲಿಮರ್, ಇವೆಲ್ಲ ಹೋದವು. ಬೋರ್ಡ್ ಪರೀಕ್ಷೆಗೆ ಹೊಸ ಪುಸ್ತಕ ಸಾಕು.

ಆದರೆ ನೀಟ್ ಪಠ್ಯಕ್ರಮದಲ್ಲಿ ಪಿ ಬ್ಲಾಕ್ ಉಳಿದಿದೆ, ಅಂದರೆ ಆವರ್ತ ಕೋಷ್ಟಕದ 13ರಿಂದ 18ನೇ ಗುಂಪಿನವರೆಗಿನ ಧಾತುಗಳು. ಹೊಸ ಪುಸ್ತಕ ಮಾತ್ರ ಓದಿದ ಮಗುವಿಗೆ ಆ ಪಾಠ ಎಲ್ಲೂ ಸಿಗುವುದಿಲ್ಲ. ನೀಟ್ ಬರೆಯುವವರು ಸೀನಿಯರ್ ಒಬ್ಬರನ್ನು ಹಿಡಿದು ಹಳೆಯ ಪುಸ್ತಕದ ಪಿ ಬ್ಲಾಕ್ ಪಾಠಗಳನ್ನು ಝೆರಾಕ್ಸ್ ಮಾಡಿಸಿಕೊಳ್ಳಿ. ಹನ್ನೊಂದರಲ್ಲಿ ಒಂದಿತ್ತು, ಹನ್ನೆರಡರಲ್ಲಿ ಒಂದಿತ್ತು. ಎರಡೂ ಬೇಕು. ತೆಗೆದುಹಾಕಿದ ಉಳಿದ ಪಾಠಗಳನ್ನು ನೀಟ್‌ಗಾಗಿ ಓದಬೇಕಾ ಎಂದು ಆಯಾ ವರ್ಷದ ಪಠ್ಯಕ್ರಮದ ಹಾಳೆ ನೋಡಿ ತೀರ್ಮಾನಿಸಿ. ಸಿಇಟಿಯದು ಬೇರೆ ಕಥೆ. 2024ರಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ದೊಡ್ಡ ಗದ್ದಲ ಆಯಿತು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟರು. ಪುಸ್ತಕ ಕೊಳ್ಳುವ ಮೊದಲು ಪಠ್ಯಕ್ರಮದ ಹಾಳೆ ಕೈಯಲ್ಲಿ ಇರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಲೆಕ್ಕದ ಪುಸ್ತಕಗಳು

ಸತು, ತಾಮ್ರ ಸೇರಿಸಿ ಮಾಡಿದ ವಿದ್ಯುತ್ ಕೋಶದಲ್ಲಿ 1.1 ವೋಲ್ಟ್ ಸಿಗುತ್ತದೆ. ಇದರಿಂದ ಗಿಬ್ಸ್ ಶಕ್ತಿ (ಕ್ರಿಯೆಯಿಂದ ಕೆಲಸಕ್ಕೆ ಸಿಗುವ ಶಕ್ತಿ) ಲೆಕ್ಕ ಮಾಡಿದರೆ ಒಂದು ಮೋಲ್‌ಗೆ ಮೈನಸ್ 212 ಕಿಲೋಜೂಲ್ ಹತ್ತಿರ ಬರುತ್ತದೆ. ಎನ್‌ಸಿಇಆರ್‌ಟಿ ಇದನ್ನು ಉದಾಹರಣೆಯಾಗಿ ಮಾಡಿ ತೋರಿಸುತ್ತದೆ. ಒಂದು ಸಲ ನೋಡಿ ತಿಳಿಯುತ್ತದೆ. ಆದರೆ ಕೈ ಪಳಗಲು ಇಪ್ಪತ್ತು ಲೆಕ್ಕ ಬೇಕು. ಅಲ್ಲಿ ಬೇರೆ ಪುಸ್ತಕ ಬರುತ್ತದೆ.

ಸಿಇಟಿ, ನೀಟ್ ಮಾತ್ರ ಬರೆಯುವವರಿಗೆ ಎನ್‌ಸಿಇಆರ್‌ಟಿಯದೇ ಎಕ್ಸೆಂಪ್ಲರ್ (ಅಭ್ಯಾಸದ ಪ್ರಶ್ನೆಗಳ ಪುಸ್ತಕ) ಸಾಕು, ಜೊತೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ರಸಾಯನಶಾಸ್ತ್ರಕ್ಕೆ 45 ಪ್ರಶ್ನೆ, ತಪ್ಪಾದರೆ ಒಂದು ಅಂಕ ಹೋಗುತ್ತದೆ. ಸಿಇಟಿಗೆ ವೇಗ ಬೇಕು, ನೀಟ್‌ಗೆ ಖಾತ್ರಿ ಬೇಕು. ಎರಡಕ್ಕೂ ಒಂದೇ ಪುಸ್ತಕ ಓದಿದರೂ ಅಭ್ಯಾಸ ಬೇರೆ ಬೇರೆ ಮಾಡಬೇಕು.

ಜೆಇಇ ಬರೆಯುವವರಿಗೆ ಎಕ್ಸೆಂಪ್ಲರ್ ಸಾಲದು. ಒ.ಪಿ. ಟಂಡನ್ ಅವರದರಲ್ಲಿ ವಿವರಣೆ, ಲೆಕ್ಕ ಎರಡೂ ಇದೆ, ಹಾಗಾಗಿ ದಪ್ಪ. ಪಾಠ ಹೇಳುವವರು ಹತ್ತಿರ ಇಲ್ಲದವರಿಗೆ ಅದು ಆಸರೆ. ಎನ್. ಅವಸ್ಥಿ ಅವರದು ಹೆಚ್ಚಾಗಿ ಲೆಕ್ಕಗಳ ಪುಸ್ತಕ. ಪಾಠ ತಿಳಿದವರಿಗೆ ಒಳ್ಳೆಯದು, ತಿಳಿಯದವರಿಗೆ ಗೋಡೆ. ಪಿ. ಬಹಾದ್ದೂರ್ ಅವರದೂ ಲೆಕ್ಕಗಳಿಗೇ ಹೆಸರಾದದ್ದು. ಮೂರೂ ಕೊಳ್ಳಬೇಡಿ. ಒಂದನ್ನು ಕೊಂಡು ಒಂದು ಪಾಠವನ್ನಾದರೂ ಕೊನೆಯ ಲೆಕ್ಕದವರೆಗೆ ಮಾಡಿ. ಮೂರು ಪುಸ್ತಕದ ಮೊದಲ ಹತ್ತು ಲೆಕ್ಕ ಮಾಡಿದವರನ್ನು ತುಂಬಾ ನೋಡಿದ್ದೇನೆ. ಕಷ್ಟದ ಲೆಕ್ಕ ಯಾವಾಗಲೂ ಹನ್ನೊಂದನೆಯದೇ.

ಸಾವಯವಕ್ಕೆ ಬೇರೆ ಪ್ರಶ್ನೆ

ಸಾವಯವ ಅಂದರೆ ಇಲ್ಲಿ ಕಾರ್ಬನ್ ಸಂಯುಕ್ತಗಳ ರಸಾಯನಶಾಸ್ತ್ರ. ಬಿದರಿ ತಟ್ಟೆ ಬದಿಗಿಡೋಣ. ಪ್ರೋಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಬ್ರೋಮಿನ್ ನಡುವಿನ ಕಾರ್ಬನ್ನಿಗೆ ಹೋಗುತ್ತದೆ. ಪೆರಾಕ್ಸೈಡ್ ಇದ್ದರೆ ತುದಿಯ ಕಾರ್ಬನ್ನಿಗೆ ಹೋಗುತ್ತದೆ. ಏಕೆ?

ಗೈಡ್ ತೆಗೆಯಿರಿ. ಮಾರ್ಕೋವ್ನಿಕೋವ್ ನಿಯಮ ಎಂದು ಬಾಕ್ಸ್ ಹಾಕಿ ಮುಗಿಸಿರುತ್ತದೆ. ಉರು ಹೊಡೆದ ಮಗು ಪರೀಕ್ಷೆಯಲ್ಲಿ ಪೆರಾಕ್ಸೈಡ್ ಎಂಬ ಪದ ನೋಡದೆ ಹೋದರೆ ಮುಗಿಯಿತು. ಎನ್‌ಸಿಇಆರ್‌ಟಿ ನಡುವೆ ಯಾವ ಕಾರ್ಬೊಕ್ಯಾಟಯಾನ್ (ಧನ ವಿದ್ಯುದಂಶ ಇರುವ ಕಾರ್ಬನ್ ಕಣ) ಆಗುತ್ತದೆ, ಯಾವುದು ಗಟ್ಟಿ ಎಂದು ಚಿಕ್ಕದಾಗಿ ಹೇಳುತ್ತದೆ. ಮಾರಿಸನ್ ಮತ್ತು ಬಾಯ್ಡ್ ತೆಗೆಯಿರಿ. 1959ರಲ್ಲಿ ಮೊದಲು ಬಂದ ಪುಸ್ತಕ. ಪಕ್ಕದಲ್ಲಿ ಕೂತು ಮಾತಾಡಿದಂತೆ ಬರೆದಿದ್ದಾರೆ. ಒಂದು ಕಾರಣ ಹೇಳಿ, ಅದರ ಹಿಂದಿನ ಕಾರಣಕ್ಕೂ ಕರೆದೊಯ್ಯುತ್ತಾರೆ. ಒಬ್ಬರೇ ಕೂತು ಓದುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಎಂಎಸ್ಸಿ ಓದುವಾಗ ನನಗೆ ಸಾವಯವದ ಭಯ ಬಿಡಿಸಿದ್ದು ಲೈಬ್ರರಿಯಿಂದ ತಂದ ಅದರ ಹಳೆಯ ಪ್ರತಿ.

ಕ್ಲೇಡನ್ ಮತ್ತು ಜೊತೆಗಾರರ ಪುಸ್ತಕ 2001ರದು. ಸಾವಿರದ ಮೇಲೆ ಪುಟ. ಅದು ಬಾಣದ ಗುರುತಿನಿಂದಲೇ ಮಾತಾಡುತ್ತದೆ. ಇಲೆಕ್ಟ್ರಾನ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತಲೇ ಇರುತ್ತದೆ. ಒಮ್ಮೆ ಆ ಕಣ್ಣು ಬಂದರೆ ನೂರು ಕ್ರಿಯೆ ನೆನಪಿಡುವ ಬದಲು ಹತ್ತು ನಡೆ ನೆನಪಿಟ್ಟರೆ ಸಾಕು. ಆದರೆ ಪಿಯು ಮಗುವಿಗೆ ಅದು ಭಾರ. ಬಿಎಸ್ಸಿ ಕೊನೆಯ ವರ್ಷ, ಎಂಎಸ್ಸಿ, ಆಮೇಲೆ ಹೈದರಾಬಾದಿನ ಔಷಧ ಕಂಪನಿಗಳ ಕೆಲಸಕ್ಕೆ ಹೋಗುವ ಆಸೆ ಇದ್ದವರು ಕ್ಲೇಡನ್ ಹಿಡಿಯಬೇಕು. ಪಿಯುದಲ್ಲಿ ಆಸಕ್ತಿ ಇದ್ದವರು ಮಾರಿಸನ್ ಬಾಯ್ಡ್‌ನ ಆಲ್ಕೀನ್ ಪಾಠ ಒಂದನ್ನೇ ಓದಿದರೂ ಲಾಭ ಇದೆ.

ಡಿಗ್ರಿಯವರಿಗೆ

ಬೇಗ ಹೇಳಿಬಿಡುತ್ತೇನೆ. ಭೌತ ರಸಾಯನಕ್ಕೆ ಪುರಿ, ಶರ್ಮಾ, ಪಥಾನಿಯಾ ಅವರ ಪುಸ್ತಕ ನಮ್ಮ ಪರೀಕ್ಷೆಗಳಿಗೆ ಹತ್ತಿರ. ಅಟ್ಕಿನ್ಸ್ ಅವರ ಪುಸ್ತಕ ಇನ್ನೂ ಆಳ, ಆದರೆ ಗಣಿತ ಗಟ್ಟಿ ಇರಬೇಕು. ಪಿಯುದಲ್ಲಿ ಗಣಿತ ಬಿಟ್ಟು ಜೀವಶಾಸ್ತ್ರ ತಗೊಂಡವರು ಮೊದಲು ಪುರಿ ಓದಿ. ನಿರವಯವಕ್ಕೆ, ಅಂದರೆ ಲೋಹ ಮೊದಲಾದ ಧಾತುಗಳ ರಸಾಯನಕ್ಕೆ, ಜೆ.ಡಿ. ಲೀ ಅವರ ಪುಸ್ತಕ. ಅದರಲ್ಲಿ ಸತುವಿನ ಗುಂಪಿಗೇ ಒಂದು ಪಾಠ ಇದೆ. ಬಿದರಿಯ ಸತು ಪಕ್ಕದ ತಾಮ್ರಕ್ಕಿಂತ ಏಕೆ ಬೇರೆ ಥರ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡು ಆ ಪಾಠ ಓದಿ. ಗುಂಪು ಗುಂಪಾಗಿ ಬರೆದ ಪುಸ್ತಕ, ಮೊದಲಿಂದ ಕೊನೆವರೆಗೆ ಓದುವುದಲ್ಲ. ಬೇಕಾದಾಗ ತೆಗೆದು ನೋಡುವುದು.

ಪರೀಕ್ಷೆ ಇಲ್ಲದವರ ಪುಸ್ತಕ

ಮೈಕಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕ ಬೈಂಡಿಂಗ್ ಕಲಿಯಲು ಸೇರಿದ ಬಡ ಹುಡುಗ. ಹೊಲಿಯಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಅದರಲ್ಲಿ ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ಹೊಸಬರಿಗಾಗಿ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಇತ್ತು. ಅದು ಅವನಿಗೆ ದಾರಿ ತೋರಿತು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಸಹಾಯಕನಾಗಿ ಸೇರಿದ. ದೊಡ್ಡ ವಿಜ್ಞಾನಿಯಾದ ಮೇಲೆ ತಾನೂ ಮಕ್ಕಳಿಗಾಗಿ ಮಾತಾಡಿದ. ಒಂದು ಮೇಣದ ಬತ್ತಿ ಇಟ್ಟುಕೊಂಡು ಆರು ಉಪನ್ಯಾಸ. 1861ರಲ್ಲಿ ಪುಸ್ತಕವಾಯಿತು. ಬತ್ತಿ ಉರಿಯುವುದರಿಂದ ಶುರು ಮಾಡಿ ನಾವು ಉಸಿರಾಡುವುದರವರೆಗೆ ಬರುತ್ತಾನೆ. ಹಕ್ಕುಸ್ವಾಮ್ಯ ಮುಗಿದಿದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಹಳೆಯದು, ಆದರೆ ಅಪ್ಪ ಅಥವಾ ಅಕ್ಕ ಓದಿ ಕನ್ನಡದಲ್ಲಿ ಹೇಳಿದರೆ ಏಳನೇ ತರಗತಿಯ ಮಗುವೂ ಕೇಳುತ್ತದೆ.

ಇದಕ್ಕೆ ಎದುರಾಗಿ ಪ್ರಿಮೋ ಲೆವಿಯ 'ದಿ ಪೀರಿಯಾಡಿಕ್ ಟೇಬಲ್' ಇಡಿ. ಇಟಲಿಯ ರಸಾಯನ ವಿಜ್ಞಾನಿ, ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವನು. 1975ರ ಪುಸ್ತಕ. 21 ಅಧ್ಯಾಯ, ಒಂದೊಂದಕ್ಕೂ ಒಂದು ಧಾತುವಿನ ಹೆಸರು. ಸತುವೂ ಇದೆ, ಬೆಳ್ಳಿಯೂ ಇದೆ. ತುಂಬಾ ಶುದ್ಧವಾದ ಸತು ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಸ್ವಲ್ಪ ಕಲಬೆರಕೆ ಬೇಕು ಎಂಬ ಸಣ್ಣ ಸಂಗತಿಯಿಂದ ಅವನು ಮನುಷ್ಯರ ಬಗ್ಗೆ ಮಾತಿಗೆ ಹೋಗುತ್ತಾನೆ. ಇದು ಮಕ್ಕಳಿಗಲ್ಲ, ದೊಡ್ಡವರಿಗೆ. ಪಾಠ ಕಲಿಸುವ ಪುಸ್ತಕವೂ ಅಲ್ಲ. ಆದರೆ ಹನ್ನೆರಡು ಮುಗಿಸಿ ರಸಾಯನಶಾಸ್ತ್ರ ಮುಂದುವರಿಸಲೋ ಬೇಡವೋ ಎಂದು ಕೂತವರಿಗೆ ನಾನು ಇದನ್ನೇ ಕೊಡುತ್ತೇನೆ.

ಕನ್ನಡದಲ್ಲೇ ಓದಬೇಕು ಎಂದರೆ ಜೆ.ಆರ್. ಲಕ್ಷ್ಮಣರಾವ್. ಮೈಸೂರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ಅವರ 'ಪರಮಾಣು ಚರಿತ್ರೆ' ಹುಡುಕಿ ಓದಿ. ಚಿಕ್ಕ ಮಕ್ಕಳಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕಲ್ಲೆಲ್ಲ ತನ್ನಿ.

ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು ಮಾಡಬೇಕು

ಎನ್‌ಸಿಇಆರ್‌ಟಿ ಪುಸ್ತಕಗಳು ಅವರ ಜಾಲತಾಣದಲ್ಲಿ ಪುಕ್ಕಟೆ ಇವೆ. ಆದರೂ ಕಾಗದದ ಪುಸ್ತಕ ಕೊಳ್ಳಿ. ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕದೆ ರಸಾಯನಶಾಸ್ತ್ರ ಬರುವುದಿಲ್ಲ. ಓಪನ್‌ಸ್ಟ್ಯಾಕ್ಸ್ ಅವರ ಕೆಮಿಸ್ಟ್ರಿ ಪುಸ್ತಕವೂ ನೆಟ್‌ನಲ್ಲಿ ಪುಕ್ಕಟೆ. ಬಣ್ಣದ ಚಿತ್ರ ಜಾಸ್ತಿ, ಇಂಗ್ಲಿಷ್ ಸರಳ. ಪಿಯು ಮಗುವಿಗೆ ಎನ್‌ಸಿಇಆರ್‌ಟಿಯ ಒಂದು ಪ್ಯಾರಾ ತಿಳಿಯದೆ ಹೋದಾಗ ಅಲ್ಲಿ ಹೋಗಿ ನೋಡಬಹುದು.

ಬೀದರಿನವರು ಹೈದರಾಬಾದಿಗೆ ಹೋಗುತ್ತಲೇ ಇರುತ್ತೀರಿ. ಕೋಠಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಯಾವುದನ್ನು ಹಳೆಯದು ಕೊಳ್ಳಬಹುದು, ಯಾವುದನ್ನು ಕೊಳ್ಳಬಾರದು ಎಂದು ಗೊತ್ತಿರಲಿ. ಮಾರಿಸನ್ ಬಾಯ್ಡ್, ಲೀ, ಪುರಿ, ಅಟ್ಕಿನ್ಸ್, ಇವು ಹತ್ತು ವರ್ಷ ಹಳೆಯದಾದರೂ ಚಿಂತೆ ಇಲ್ಲ. ಪ್ರಶ್ನೆ ಬ್ಯಾಂಕ್, ಗೈಡ್ ಮಾತ್ರ ಹಳೆಯದು ಬೇಡ. ಪಠ್ಯಕ್ರಮ ಬದಲಾಗಿರುತ್ತದೆ. ಹಳೆಯ ಎನ್‌ಸಿಇಆರ್‌ಟಿ ಕಂಡರೆ ಪಿ ಬ್ಲಾಕ್‌ಗಾಗಿ ತಗೊಳ್ಳಿ.

ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದೆ, ಪಿಯು ಮೊದಲ ವರ್ಷ, ಕನ್ನಡ ಮಾಧ್ಯಮದಿಂದ ಬಂದ ಮಗು ಎಂದುಕೊಳ್ಳಿ. ಹನ್ನೊಂದರ ಎರಡು ಭಾಗ, ಒಂದು ಎಕ್ಸೆಂಪ್ಲರ್, ಪದ ಬರೆಯಲು ಒಂದು ದಪ್ಪ ನೋಟ್‌ಬುಕ್. ಇಷ್ಟೇ. ಉಳಿದದ್ದನ್ನು ಡಿಸೆಂಬರ್‌ವರೆಗೆ ಕೊಳ್ಳಬೇಡಿ. ಆ ಹೊತ್ತಿಗೆ ಮಗುವಿಗೆ ಯಾವ ಪಾಠ ಗಟ್ಟಿ, ಯಾವುದು ಸಡಿಲ ಎಂದು ಗೊತ್ತಾಗಿರುತ್ತದೆ. ಆಗ ಅಂಗಡಿಗೆ ಹೋಗಿ, ಸಡಿಲ ಇರುವ ಪಾಠದ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು, ನಿಂತಲ್ಲೇ ಎರಡು ಮೂರು ಪುಸ್ತಕದಲ್ಲಿ ಉತ್ತರ ಹುಡುಕಿಸಿ. ಹುಡುಕುವ ಕೆಲಸ ಮಗುವೇ ಮಾಡಲಿ. ಅಂಗಡಿಯವರು ಅವಸರ ಮಾಡಿದರೂ ಹತ್ತು ನಿಮಿಷ ಬಿಟ್ಟುಕೊಡಬೇಡಿ.